ಹೆಪ್ಪು ಹಾಕಿದ ಆರು ವಾರ

ಉದಾಹರಣೆ ಇಲ್ಲದೆ ನನಗೆ ಪಾಠ ಮಾಡಲು ಬರುವುದಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಚೆನ್ನೈನ ಒಂದು ಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಹೃದಯಕ್ಕೆ ಪಂಪು, ಮೂತ್ರಪಿಂಡಕ್ಕೆ ಕಾಫಿ ಫಿಲ್ಟರು, ನರಗಳಿಗೆ ಕರೆಂಟಿನ ತಂತಿ, ಹೀಗೆ ಎಲ್ಲದಕ್ಕೂ ನನ್ನ ಬಳಿ ಒಂದು ಹೋಲಿಕೆ ಸಿದ್ಧವಾಗಿರುತ್ತಿತ್ತು. ಮಕ್ಕಳ ಮುಖ ಅರಳಿತೆಂದರೆ ಪಾಠ ತಲೆಗೆ ಹತ್ತಿತು ಎಂದು ನಂಬಿಕೊಂಡಿದ್ದವಳು ನಾನು. ಅಪ್ಪಯ್ಯನ ಮುಖವೂ ಒಂದು ದಿನ ಹಾಗೆಯೇ ಅರಳಿತ್ತು.

ಅಪ್ಪಯ್ಯ ಕುಂದಾಪುರದ ಕಡೆಯವರು. ಹದಿನಾರನೆಯ ವಯಸ್ಸಿಗೆ ಮದ್ರಾಸಿಗೆ ಬಂದು, ಪ್ಯಾರೀಸ್ ಕಾರ್ನರಿನ ಒಂದು ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ವಡಪಳನಿಯ ಸಸ್ಯಾಹಾರಿ ಹೋಟೆಲಿಗೆ ಸೇರಿ ಅಲ್ಲಿಯೇ ಉಳಿದರು. ಸಾಂಬಾರು, ಪಲ್ಯ, ಸಿಹಿ ಎಲ್ಲವನ್ನೂ ಬೇರೆಯವರು ಮಾಡಬಹುದಿತ್ತು. ಮೊಸರು ಮಾತ್ರ ಅಪ್ಪಯ್ಯನದು. ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಹಾಲು ಕಾಯಿಸಿ, ಕಿರುಬೆರಳು ಅದ್ದಿ ಬಿಸಿ ನೋಡಿ, ಹೆಪ್ಪು ಹಾಕಿ ಮುಚ್ಚಿಟ್ಟರೆ ಆಯಿತು, ಆ ಮೂಲೆಯ ಕಡೆಗೆ ಯಾರೂ ಸುಳಿಯುವಂತಿರಲಿಲ್ಲ. ಹತ್ತಿರದ ಸಿನಿಮಾ ಸ್ಟುಡಿಯೋಗಳಲ್ಲಿ ಲೈಟು ಹೊರುವವರು, ಮೇಕಪ್ಪಿನವರು ಅವರ ಮೊಸರನ್ನಕ್ಕಾಗಿಯೇ ಬರುತ್ತಿದ್ದರು. ಎಪ್ಪತ್ಮೂರಾದರೂ ಬೇರೆ ಕೆಲಸ ಬಿಟ್ಟರೇ ಹೊರತು ದಿನಾ ಮಧ್ಯಾಹ್ನ ಹೋಗಿ ಹೆಪ್ಪು ಹಾಕಿ ಬರುವುದನ್ನು ಬಿಡಲಿಲ್ಲ.

ಮನೆಯಲ್ಲಿಯೂ ಅದೇ ಕಾನೂನು. ಹೆಪ್ಪು ಹಾಕಿದ ಪಾತ್ರೆಯಿದ್ದ ಕಪಾಟಿನ ಹತ್ತಿರ ನಾವು ಓಡುವಂತಿರಲಿಲ್ಲ. ಏಳೋ ಎಂಟೋ ವರ್ಷದವಳಿದ್ದಾಗ ಮೊಸರಾಯಿತೇ ಎಂದು ನೋಡಲು ಪಾತ್ರೆ ಅಲ್ಲಾಡಿಸಿದ್ದೆ. ಅಪ್ಪಯ್ಯ ಜೀವಮಾನದಲ್ಲಿ ನನಗೆ ಹೊಡೆದದ್ದು ಅದೊಂದೇ ಸಲ. "ಹೆಪ್ಪ್ ಹಾಕಿದ್ದನ್ನ ಅಲ್ಲಾಡ್ಸುಕಾಗ, ಗೊತ್ತಾಯ್ತಾ? ಅಲ್ಲಾಡಿರೆ ಹಿಡಿತಿಲ್ಲೆ" ಎಂದಿದ್ದರು. ಆ ಏಟು ನನಗೆ ನೆನಪಿತ್ತು. ಬೇಕಾದ ಹೊತ್ತಿಗೆ ಮಾತ್ರ ನೆನಪಾಗಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಅಪ್ಪಯ್ಯನ ಮೂತ್ರದಲ್ಲಿ ರಕ್ತ ಹೋಗುತ್ತಿದ್ದುದು ನನಗೆ ತಿಳಿದದ್ದು ಅದು ಶುರುವಾಗಿ ಎರಡು ತಿಂಗಳಾದ ಮೇಲೆ. ಬೀಟ್ರೂಟ್ ತಿಂದದ್ದಕ್ಕೆ ಎಂದು ತಮಗೆ ತಾವೇ ಹೇಳಿಕೊಂಡಿದ್ದರಂತೆ. ನಮ್ಮ ಮನೆಯಲ್ಲಿ ಬೀಟ್ರೂಟ್ ತಂದು ಯಾವ ಕಾಲವಾಗಿತ್ತೋ. ಆಸ್ಪತ್ರೆಯಲ್ಲಿ ನಳಿಕೆ ಹಾಕಿ ನೋಡಿದರು, ಮೂತ್ರಕೋಶದ ಒಳಗೋಡೆಯಲ್ಲಿ ಗೆಡ್ಡೆ ಇತ್ತು. ಕೆರೆದು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರು, ಅದರಲ್ಲಿಯೂ ಬೇಗ ಬೆಳೆಯುವ ಜಾತಿಯದು, ಆದರೆ ಇನ್ನೂ ಗೋಡೆಯ ಮಾಂಸದೊಳಕ್ಕೆ ಇಳಿದಿಲ್ಲ ಎಂದರು ಡಾಕ್ಟರು. ಬೀಡಿ ಸೇದುತ್ತಿದ್ದಿರಾ ಎಂದು ಕೇಳಿದರು. ಅಪ್ಪಯ್ಯ ನನ್ನ ಮುಖ ನೋಡಿದರು. ಹೋಟೆಲಿನ ಹಿಂಬಾಗಿಲಲ್ಲಿ ಮೂವತ್ತು ವರ್ಷ ಸೇದಿದ್ದು ನನಗೆ ಗೊತ್ತೇ ಇಲ್ಲ ಎಂದುಕೊಂಡಿದ್ದರು, ಪಾಪ.

ಆ ಡಾಕ್ಟರು ತಾಳ್ಮೆಯ ಮನುಷ್ಯ. ನಿಧಾನವಾದ ತಮಿಳಿನಲ್ಲಿ ಬಿಡಿಸಿ ಹೇಳಿದರು. ಮೈಯಲ್ಲಿ ಕಾವಲು ಕಾಯುವ ಬಿಳಿ ರಕ್ತಕಣಗಳಿವೆ, ಕೆಟ್ಟ ಕೋಶಗಳನ್ನು ಗುರುತು ಹಿಡಿದು ಕೊಲ್ಲುವುದು ಅವುಗಳ ಕೆಲಸ. ಆದರೆ ಕ್ಯಾನ್ಸರು ಆ ಕಾವಲುಗಾರರಲ್ಲಿಯೇ ಕೆಲವರನ್ನು ಒಲಿಸಿಕೊಳ್ಳುತ್ತದೆ. ಹಾಗೆ ಒಲಿದವು ಗೆಡ್ಡೆಯನ್ನು ಕೊಲ್ಲುವುದಿರಲಿ, ಅದಕ್ಕೆ ರಕ್ತನಾಳ ಬೆಳೆಯಲು ನೆರವಾಗುತ್ತವೆ, ಕೊಲ್ಲಲು ಬಂದ ಬೇರೆ ಕಣಗಳನ್ನೂ ತಡೆಯುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎಂದು ನಾನು ಮನಸ್ಸಿನಲ್ಲಿಯೇ ಹೋಲಿಕೆ ಹೊಂದಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಪ್ಪಯ್ಯ ನನ್ನ ಕಡೆ ತಿರುಗಿ, "ನಮ್ಮ ಹೋಟ್ಲ್ ಸ್ಟೋರಿನ ಬೆಕ್ಕಿನ ಕತಿ ಇದ್. ಇಲಿ ಹಿಡುಕೆ ಅಂತ ತಂದದ್ದ್, ಹಾಲ್ ಕುಡ್ದ್ ಕುಡ್ದ್ ಇಲಿ ಒಟ್ಟಿಗೇ ಮಲ್ಗತಿತ್ತ್" ಎಂದರು. ನನ್ನದಕ್ಕಿಂತ ಚೆನ್ನಾಗಿತ್ತು.

ಮುಂದಿನದು ಕೇಳಿದಾಗ ಅವರ ನಗೆ ಆರಿಹೋಯಿತು. ನಿದ್ದೆ ಹೋದ ಕಾವಲನ್ನು ಎಬ್ಬಿಸಲು ಒಂದು ಔಷಧಿ, ಆ ಔಷಧಿಯೆಂದರೆ ಜೀವವಿರುವ ಕ್ರಿಮಿ. ಹುಟ್ಟಿದ ಮಕ್ಕಳಿಗೆ ಕ್ಷಯ ಬಾರದಿರಲೆಂದು ತೋಳಿಗೆ ಚುಚ್ಚುತ್ತಾರಲ್ಲ, ಅದೇ. ಕ್ಷಯದ ಕ್ರಿಮಿಯ ದಾಯಾದಿ, ಶಕ್ತಿ ಕುಂದಿಸಿದ್ದು. ಅದನ್ನು ನೀರಿನಲ್ಲಿ ಕದಡಿ ನಳಿಕೆಯ ಮೂಲಕ ಮೂತ್ರಕೋಶಕ್ಕೆ ಬಿಡುತ್ತಾರೆ. ಎರಡು ಗಂಟೆ ತಡೆದುಕೊಂಡಿರಬೇಕು. ವಾರಕ್ಕೊಂದರಂತೆ ಆರು ವಾರ. ಹೊರಗಿನ ಕ್ರಿಮಿ ಬಂದಿತೆಂದು ಕಾವಲು ಕಣಗಳು ಹಿಂಡುಹಿಂಡಾಗಿ ಅಲ್ಲಿಗೆ ನುಗ್ಗುತ್ತವೆ, ನುಗ್ಗಿದವು ಪಕ್ಕದಲ್ಲಿರುವ ಕ್ಯಾನ್ಸರ್ ಕೋಶಗಳನ್ನೂ ಕೊಲ್ಲುತ್ತವೆ. ಇದು ಫಲಿಸಿದರೆ ಮೂತ್ರಕೋಶ ಉಳಿಯುತ್ತದೆ. ಫಲಿಸದಿದ್ದರೆ ಅದನ್ನು ತೆಗೆದು, ಹೊಟ್ಟೆಯ ಮೇಲೆ ರಂಧ್ರ ಮಾಡಿ ಚೀಲ ಕಟ್ಟಬೇಕಾಗುತ್ತದೆ.

ಅಪ್ಪಯ್ಯ ಎದ್ದು ನಿಂತು ಡಾಕ್ಟರಿಗೆ ಕೈಮುಗಿದರು. "ವೇಂಡಾಂ ಸಾರ್" ಎಂದು, ಬೇಡವೆಂದು ಕೈಯಾಡಿಸುತ್ತ ಬಾಗಿಲ ಕಡೆ ನಡೆದೇಬಿಟ್ಟರು.

ಕಾರಣ ನನಗೆ ಗೊತ್ತಿತ್ತು. ಪ್ಯಾರೀಸ್ ಕಾರ್ನರಿನ ಹೋಟೆಲಿನ ಅಟ್ಟದಲ್ಲಿ ಅವರ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದವನು ಕೆಮ್ಮಿ ಕೆಮ್ಮಿ ರಕ್ತ ಕಾರಿದ್ದ. ಅವನ ಚಾಪೆಗೆ ಬೆಂಕಿ ಹಚ್ಚಿ, ತಟ್ಟೆ ಎಸೆದು, ಅವನನ್ನು ರೈಲು ಹತ್ತಿಸಿ ಊರಿಗೆ ಕಳಿಸಿದ್ದರು. ಅವನು ತಿರುಗಿ ಬರಲಿಲ್ಲ. ಅಂದಿನಿಂದ ಯಾರಾದರೂ ಕೆಮ್ಮಿದರೆ ಅಪ್ಪಯ್ಯ ಹಾಲಿನ ಪಾತ್ರೆಗೆ ಮುಚ್ಚಳ ಹಾಕುತ್ತಿದ್ದರು. ಅಂಥವರ ಮೈಯೊಳಗೆ ಆ ಕ್ರಿಮಿಯನ್ನೇ ಬಿಡುತ್ತೇವೆ ಎಂದರೆ ಹೇಗೆ ಒಪ್ಪಿಯಾರು?

ಒಂದು ವಾರ ನಾನು ಆಸ್ಪತ್ರೆಯ ಮಾತೆತ್ತಿದರೆ ಅಪ್ಪಯ್ಯ ಎದ್ದು ಹೋಗುತ್ತಿದ್ದರು. ಎರಡನೆಯ ವಾರ, ಭಾನುವಾರ ಸಂಜೆ, ಅವರು ಅಡಿಗೆಮನೆಯಲ್ಲಿ ಹಾಲು ಆರಿಸುತ್ತಿದ್ದಾಗ ನಾನು ಬಾಗಿಲಲ್ಲಿ ನಿಂತೆ. ಏನು ಹೇಳಬೇಕೆಂದು ಆ ಕ್ಷಣಕ್ಕೆ ಹೊಳೆಯಿತು.

"ಅಪ್ಪಯ್ಯ, ಹೆಪ್ಪು ಅಂದ್ರೂ ಜೀವ ಇಪ್ಪ ಕ್ರಿಮಿಯೇ ಅಲ್ದಾ?"

"ಎಂತ ಹೇಳ್ತೆ ನೀನ್?"

"ಒಂದ್ ಚಮಚ ಹೆಪ್ಪು ಇಡೀ ಪಾತ್ರೆ ಹಾಲನ್ನ ಬದಲ್ ಮಾಡ್ತಿಲ್ಯಾ? ಅದೇ ಮಾದಿರಿ ಇದೂ. ಔಷಧಿ ಅಂದ್ರೆ ಹೆಪ್ಪು, ಅಷ್ಟೇ. ಅವ್ರ್ ನಿಮ್ಮ ಹೊಟ್ಟೆ ಒಳಗೆ ಒಂಚೂರು ಹೆಪ್ಪ್ ಹಾಕ್ತಾರೆ. ಎರಡ್ ಗಂಟೆ ಇಟ್ರೆ ನಿಮ್ಮ ಮೈಯೇ ಬಾಕಿ ಕೆಲ್ಸ ಮಾಡ್ಕಂತ್."

ಅವರು ಬೆರಳನ್ನು ಹಾಲಿನ ಮೇಲೆಯೇ ಹಿಡಿದು ನಿಂತರು. ಆಗಲೇ ಅವರ ಮುಖ ಅರಳಿದ್ದು. "ಹೆಪ್ಪಾ? ಹಾಂಗಂತ ಆ ಡಾಕ್ಟರ್ ಎಂತಕೆ ಹೇಳ್ಲಿಲ್ಲೆ?" ಎಂದರು. ಆಮೇಲೆ ಕಸುಬಿನವರ ಪ್ರಶ್ನೆಗಳು. ಬೆಚ್ಚಗಿರಬೇಕೇ? ಮೈ ಬೆಚ್ಚಗೇ ಇರುತ್ತದೆ ಎಂದೆ. ಹುಳಿ ಜಾಸ್ತಿಯಾದರೆ? ಆರೇ ವಾರ, ಜಾಸ್ತಿಯಾಗುವುದಿಲ್ಲ ಎಂದು ನಕ್ಕೆ. ಅಲ್ಲಾಡಿಸಬಹುದೇ ಎಂದು ಮಾತ್ರ ಅವರು ಕೇಳಲಿಲ್ಲ. ಐವತ್ತು ವರ್ಷ ಹೆಪ್ಪು ಹಾಕಿದವರು ಅದನ್ನು ಯಾರ ಹತ್ತಿರವೂ ಕೇಳುವುದಿಲ್ಲ.

ಮರುದಿನವೇ ಹೋಗೋಣ ಎಂದರು. ನಾನು ಬೀಗಿಹೋದೆ. ಅಷ್ಟು ದೊಡ್ಡ ಡಾಕ್ಟರಿಂದ ಆಗದ್ದು ನನ್ನ ಒಂದು ಉದಾಹರಣೆಯಿಂದ ಆಯಿತಲ್ಲ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೆ ಕೂಡ.

ಆಸ್ಪತ್ರೆಯಲ್ಲಿ ಒಂದು ಹಾಳೆ ಕೊಟ್ಟಿದ್ದರು. ಔಷಧಿ ಬಿಟ್ಟ ಮೇಲೆ ಹದಿನೈದು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸಬೇಕು. ಅಂಗಾತ, ಎಡಕ್ಕೆ, ಬಲಕ್ಕೆ, ಬೋರಲು. ಔಷಧಿ ಮೂತ್ರಕೋಶದ ಎಲ್ಲ ಗೋಡೆಗಳಿಗೂ ತಾಗಲಿ ಎಂದು. ಮನೆಗೆ ಹೋದ ಮೇಲೆ ಆರು ಗಂಟೆಗಳ ಕಾಲ, ಮೂತ್ರ ಮಾಡಿದ ಪ್ರತಿ ಸಲವೂ, ಹೊರಬಂದ ಕ್ರಿಮಿ ಸಾಯಲೆಂದು ಕಕ್ಕಸಿಗೆ ಬ್ಲೀಚಿಂಗ್ ನೀರು ಸುರಿಯಬೇಕು. ಎಲ್ಲವನ್ನೂ ಆಟೋದಲ್ಲಿ ಓದಿ ಹೇಳಿದೆ. ಅಪ್ಪಯ್ಯ "ಹ್ಞೂಂ" ಎಂದರು. ಗಂಡಸರ ವಾರ್ಡಿನೊಳಗೆ ನನ್ನನ್ನು ಬಿಡುತ್ತಿರಲಿಲ್ಲ. ಅವರನ್ನು ಬಾಗಿಲವರೆಗೆ ಬಿಟ್ಟು, ಶಾಲೆಗೆ ಹೋಗಿ ಎರಡು ತರಗತಿ ಮುಗಿಸಿ, ಮತ್ತೆ ಕರೆದುಕೊಂಡು ಬರುತ್ತಿದ್ದೆ. ಆರು ವಾರವೂ ಹೀಗೆಯೇ ನಡೆಯಿತು.

ತಡೆದುಕೊಳ್ಳುವುದು ಅವರಿಗೆ ಕಷ್ಟವಾಗಲೇ ಇಲ್ಲ. ಒಲೆಯ ಮೇಲೆ ಹಾಲಿಟ್ಟು ಆಚೆ ಹೋಗಲಾಗದೆ ಇಡೀ ಜನ್ಮ ತಡೆದುಕೊಂಡವರಿಗೆ ಎರಡು ಗಂಟೆ ಯಾವ ಲೆಕ್ಕ? ಕಷ್ಟವಾದದ್ದು ಬ್ಲೀಚಿಂಗ್. ಆ ವಾಸನೆ ಕೈಗೆ ಹತ್ತಿದ ದಿನ ಅವರು ಹಾಲು ಮುಟ್ಟುತ್ತಿರಲಿಲ್ಲ, ಹೋಟೆಲಿಗೂ ಹೋಗುತ್ತಿರಲಿಲ್ಲ. ಮನೆಯ ಹೆಪ್ಪನ್ನು ನನ್ನ ಕೈಗೆ ಒಪ್ಪಿಸಿ ದೂರ ನಿಂತು ಹೇಳಿಕೊಡುತ್ತಿದ್ದರು. "ಇದೊಂದ್ ಮುಗೀಲಿ ಮಗಾ. ಚೀಲ ಕಟ್ಕಂಡವ ಅಡ್ಗಿಮನೆ ಹೊಕ್ಕುಕಾಗ. ಚೀಲ ಒಂದ್ ಬ್ಯಾಡ ನಂಗೆ" ಎನ್ನುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಅಷ್ಟೇ. ಸಾಯುವ ಮಾತನ್ನು ಅವರು ಒಂದು ಸಲವೂ ಎತ್ತಲಿಲ್ಲ. ಮತ್ತೆ ಹೋಟೆಲಿಗೆ ಹೋಗಿ ಹೆಪ್ಪು ಹಾಕಬೇಕು, ಆ ಮೂಲೆ ಬೇರೆಯವರ ಪಾಲಾಗಬಾರದು.

ಮೂರನೆಯ ವಾರ ಸಣ್ಣಗೆ ಜ್ವರ ಬಂತು. ಒಂದು ದಿನದ ಸಣ್ಣ ಜ್ವರ ಒಳ್ಳೆಯ ಲಕ್ಷಣವೇ, ಕಣಗಳು ಎದ್ದಿವೆ ಎಂದು ಡಾಕ್ಟರು ಹೇಳಿದ್ದರು. ಅಪ್ಪಯ್ಯ ಹಣೆ ಮುಟ್ಟಿಕೊಂಡು, "ಬೆಚ್ಚಗಾಯ್ತ್ ಕಾಣ್. ಹೆಪ್ಪ್ ಹಿಡಿತಾ ಇತ್ತ್" ಎಂದು ಖುಷಿಪಟ್ಟರು. ನಾನೂ ಖುಷಿಪಟ್ಟೆ. ಅಷ್ಟು ನೆಮ್ಮದಿಯಾಗಿ ನಾವಿಬ್ಬರೂ ಕೂತು ಊಟ ಮಾಡಿದ್ದು ಅದೇ ಕೊನೆ ಇರಬೇಕು.

ಮೂರು ತಿಂಗಳ ಮೇಲೆ ಮತ್ತೆ ನಳಿಕೆ ಹಾಕಿ ನೋಡಿದರು. ಹಿಂಗೋಡೆ, ಎರಡು ಬದಿ, ಎಲ್ಲ ಕೆಂಪಗೆ ಊದಿಕೊಂಡಿತ್ತು, ಅಂದರೆ ಕಣಗಳು ಬಂದು ಹೋರಾಡಿದ ಗುರುತು. ಅಲ್ಲೆಲ್ಲ ಗೆಡ್ಡೆ ಇರಲಿಲ್ಲ. ಮುಂದಿನ ಗೋಡೆಯಲ್ಲಿ ಮಾತ್ರ ಹೊಸದು ಬೆಳೆದಿತ್ತು, ಈ ಸಲ ಮಾಂಸದೊಳಕ್ಕೆ ಇಳಿದಿತ್ತು. ಡಾಕ್ಟರು ಬಿಳಿ ಹಾಳೆಯಲ್ಲಿ ಚಿತ್ರ ಬರೆದು ತೋರಿಸಿದರು. ನಾನು ತಲೆಯಾಡಿಸಿದೆ, ಆಗಲೂ ನನಗೆ ಹೊಳೆಯಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಗಂಡಸರ ವಾರ್ಡು ಗುಡಿಸುವ ಆಯಮ್ಮ ನನ್ನ ಗುರುತು ಹಿಡಿದು ಪಕ್ಕಕ್ಕೆ ಬಂದು ನಿಂತಳು. ಅಳುತ್ತಿದ್ದೆನೇನೋ, ಸಮಾಧಾನ ಮಾಡಬೇಕೆನ್ನಿಸಿರಬೇಕು. "ಉಂಗ ಅಪ್ಪಾ ಮಾದಿರಿ ನಲ್ಲ ಪೇಷೆಂಟೇ ಇಲ್ಲೆಮ್ಮಾ. ಎಲ್ಲಾರುಂ ಪುರಂಡು ಪುರಂಡು ಪಡುಪ್ಪಾಂಗ. ಅವರು ಒರು ವಾಟ್ಟಿ ಕೂಡ ಅಸೈಯಲೆ. ಸಾಮಿ ಸಿಲೈ ಮಾದಿರಿ ಇರುಂದಾರು" ಎಂದಳು. ಎಲ್ಲರೂ ಹೊರಳಾಡುತ್ತಾರೆ, ನಿಮ್ಮ ಅಪ್ಪ ಒಂದು ಸಲವೂ ಅಲ್ಲಾಡಲಿಲ್ಲ, ದೇವರ ವಿಗ್ರಹದ ಹಾಗೆ ಮಲಗಿದ್ದರು. ಹೊಗಳಿಕೆ ಅದು.

ಆರು ವಾರ, ಎರಡೆರಡು ಗಂಟೆ, ಅಂಗಾತ. ಅಂಗಾತ ಮಲಗಿದವನ ಮುಂದಿನ ಗೋಡೆ ಎಲ್ಲಕ್ಕಿಂತ ಮೇಲಿರುತ್ತದೆ. ತರಗತಿಯಲ್ಲಿ ಅರ್ಧ ತುಂಬಿದ ಬಾಟಲಿಯನ್ನು ಮಲಗಿಸಿ ನಾನೇ ತೋರಿಸುತ್ತೇನೆ, ನೀರು ಎಲ್ಲಿ ತಾಗುತ್ತದೆ, ಎಲ್ಲಿ ತಾಗುವುದಿಲ್ಲ ಎಂದು. ಅಪ್ಪಯ್ಯ ಹಾಳೆಯನ್ನು ಮರೆತಿರಲಿಲ್ಲ, ನರ್ಸು ಹೇಳಿದ್ದು ಕೇಳಿಸದೆಯೂ ಇರಲಿಲ್ಲ. ಅವರಿಗೆ ನನಗಿಂತ ಚೆನ್ನಾಗಿ ತಮಿಳು ಬರುತ್ತದೆ. ಆದರೆ ಹೆಪ್ಪಿನ ವಿಷಯ ನರ್ಸಿಗೆ ಏನು ಗೊತ್ತು? ಮಗಳು ಹೇಳಿದ್ದಾಳೆ ಇದು ಹೆಪ್ಪೆಂದು, ಓದಿದವಳು.

ಮತ್ತೆ ಡಾಕ್ಟರ ಕೋಣೆಗೆ ಹೋದೆ. ಎಲ್ಲವನ್ನೂ ಹೇಳಿದೆ, ಹೆಪ್ಪಿನ ಕಥೆಯನ್ನೂ. ಅವರು ನಗಲಿಲ್ಲ, ಬೈಯಲೂ ಇಲ್ಲ. ಮಗ್ಗುಲು ಬದಲಿಸುವುದರಿಂದ ನಿಜಕ್ಕೂ ಎಷ್ಟು ಉಪಯೋಗವೆಂದು ಯಾರಿಗೂ ಖಚಿತವಿಲ್ಲ, ಖಾಲಿ ಮೂತ್ರಕೋಶ ಮುದುಡಿಕೊಂಡಿರುವುದರಿಂದ ಔಷಧಿ ಎಲ್ಲ ಕಡೆಗೂ ತಾಗುವುದೇ ಹೆಚ್ಚು ಎಂದರು. ಸರಿಯಾಗಿ ಹೊರಳಿದವರಲ್ಲಿಯೂ ಇದು ಸೋಲುತ್ತದೆ. ನಿಮ್ಮ ತಂದೆಯ ಗೆಡ್ಡೆಯ ಸುತ್ತ ಮೊದಲಿಂದಲೂ ಒಲಿದುಹೋದ ಕಾವಲುಗಾರರೇ ತುಂಬಿದ್ದರೋ ಏನೋ. "ಅದರಿಂದಲೇ ಆಯಿತು ಎಂದು ನಾನು ಹೇಳಲಾರೆ" ಎಂದರು. ಅದರಿಂದ ಆಗಲಿಲ್ಲ ಎಂದೂ ಅವರು ಹೇಳಲಿಲ್ಲ. ಆ ಎರಡರ ನಡುವೆಯೇ ನಾನು ಇವತ್ತಿಗೂ ಸಿಕ್ಕಿಕೊಂಡಿದ್ದೇನೆ.

ಮೂತ್ರಕೋಶ ತೆಗೆಯುವಷ್ಟು ದೊಡ್ಡ ಆಪರೇಷನ್ನನ್ನು ಅವರ ಹೃದಯ ತಾಳುವುದಿಲ್ಲ ಎಂದಾಯಿತು. ಚೀಲ ತಪ್ಪಿತು ಎಂದು ಅಪ್ಪಯ್ಯನಿಗೆ ಒಂದು ದಿನ ಸಂತೋಷವೂ ಆಯಿತು. ಹೋಟೆಲಿನವರಿಗೆ ನಾನೇ ಹೋಗಿ ಹೇಳಿದೆ, ಇನ್ನು ಕಾಯಬೇಡಿ ಎಂದು. ಮೊದಲು ಕಿರಣದ ಚಿಕಿತ್ಸೆ ಕೊಟ್ಟರು. ಅದಕ್ಕೂ ಜಗ್ಗದೆ ಬೇರೆ ಕಡೆಗೆ ಹರಡಿದ ಮೇಲೆ ಮೂರು ವಾರಕ್ಕೊಮ್ಮೆ ರಕ್ತನಾಳಕ್ಕೆ ಇಳಿಬಿಡುವ ಇನ್ನೊಂದು ಔಷಧಿ ಶುರುವಾಯಿತು. ಕ್ಯಾನ್ಸರು ಕಾವಲು ಕಣಗಳ ಕೈ ಕಟ್ಟಿಹಾಕಿರುತ್ತದೆ, ಈ ಔಷಧಿ ಆ ಕಟ್ಟು ಬಿಚ್ಚುತ್ತದೆ.

"ಇದೆಂತ ಮಗಾ?" ಎಂದು ಅಪ್ಪಯ್ಯ ಕೇಳಿದರು.

"ಔಷಧಿ, ಅಪ್ಪಯ್ಯ" ಎಂದೆ.

"ಹಾಂಗಲ್ಲ, ಯಾವುದರ ಹಾಂಗೆ ಅದ್?"

"ಯಾವುದರ ಹಾಂಗೂ ಅಲ್ಲ" ಎಂದೆ. ಅವರು ಕಿಟಕಿಯ ಕಡೆ ತಿರುಗಿದರು.

ಮೂರನೆಯ ಸಲದ ಹೊತ್ತಿಗೆ ತುಂಬ ಸೊರಗಿಹೋಗಿದ್ದರು. ಈ ಔಷಧಿ ಹಾಕುವ ಕೋಣೆಯಲ್ಲಿ ಗಂಡಸು ಹೆಂಗಸು ಎಂಬ ಭೇದವಿಲ್ಲದೆ ಪಕ್ಕದಲ್ಲಿ ಕೂರಲು ಬಿಡುತ್ತಿದ್ದರು. ಬೆಳಗಿನ ಹನ್ನೊಂದು ಗಂಟೆ, ಬಾಟಲಿ ಅರ್ಧ ಇಳಿದಿತ್ತು. ಅಪ್ಪಯ್ಯ ಸನ್ನೆ ಮಾಡಿ ನನ್ನನ್ನು ಹತ್ತಿರಕ್ಕೆ ಕರೆದರು. ತಪ್ಪು ಮಾಡಿದ ಮಗುವಿನ ಮುಖವಾಗಿತ್ತು.

"ನಿಂಗೆ ಒಂದ್ ಹೇಳ್ಕ್ ಅಂತ ಇತ್ತ್. ಬೈಬೇಡ."

"ಎಂತ ಅಪ್ಪಯ್ಯ?"

"ಆ ಹೆಪ್ಪು ಹಿಡೀಲಿಲ್ಲ ಅಲ್ದಾ? ಅದ್ ನನ್ ತಪ್ಪೇ. ನಾಲ್ಕನೇ ಸಲ ಹಾಕಿದ ದಿನ ಕೆಮ್ಮು ಬಂತ್. ತಡ್ದೆ, ತಡ್ದೆ, ಆಯ್ಲಿಲ್ಲೆ. ಒಂದ್ ಸಲ ಕೆಮ್ಮಿದೆ. ಇಡೀ ಮೈ ಅಲ್ಲಾಡ್ತ್." ಆಮೇಲೆ ಐದು ಬೆರಳು ಬಿಡಿಸಿ ತೋರಿಸಿದರು. "ಬಾಕಿ ಐದ್ ಸಲ ಒಂಚೂರೂ ಅಲ್ಲಾಡ್ಲಿಲ್ಲೆ, ದೇವರಾಣೆ. ನೀನ್ ಅಷ್ಟ್ ಚಂದ ಮಾಡಿ ಹೇಳ್ಕೊಟ್ಟಿದ್ದೆ. ನಾನೇ ಕೆಡ್ಸಿದೆ."

ಅವರಿಗೆ ನೆಮ್ಮದಿ ಕೊಡುವ ಮಾತು ನನ್ನ ಹತ್ತಿರ ಒಂದೇ ಇತ್ತು. ಅಪ್ಪಯ್ಯ, ಕೆಮ್ಮಿದ್ದು ತಪ್ಪಲ್ಲ, ಅಲ್ಲಾಡಬೇಕಿತ್ತು. ಹಾಗೆ ಹೇಳಿದರೆ ಆ ಕೆಮ್ಮಿನ ಭಾರ ಅವರ ತಲೆಯಿಂದ ಇಳಿಯುತ್ತಿತ್ತು, ಬಾಕಿ ಐದು ದಿನಗಳ ಭಾರ ಏರುತ್ತಿತ್ತು. ಅವರ ಮೇಲಿನ ಕರುಣೆಯಿಂದ ಸುಮ್ಮನಿದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನನ್ನ ಉದಾಹರಣೆಯೇ ತಪ್ಪಾಗಿತ್ತೆಂದು ಅವರಿಗೆ ತಿಳಿಯುವುದು ನನಗೆ ಬೇಡವಾಗಿತ್ತು. ಅವರ ಕಣ್ಣಲ್ಲಿ ನಾನು ಓದಿದ ಮಗಳಾಗಿಯೇ ಉಳಿಯಬೇಕಿತ್ತು.

"ಕೆಮ್ಮಿನಿಂದ ಏನೂ ಆತಿಲ್ಲೆ ಅಪ್ಪಯ್ಯ" ಎಂದೆ, ಅಷ್ಟೇ.

ಅವರು ನಂಬಲಿಲ್ಲ. ಐವತ್ತು ವರ್ಷ ಹೆಪ್ಪು ಹಾಕಿದವರಿಗೆ ನಾನು ಏನು ಹೇಳಿದರೂ ಅಷ್ಟೇ. "ನೀನ್ ಸಮಾಧಾನಕ್ಕೆ ಹೇಳ್ತೆ" ಎಂದು ನನ್ನ ಕೈ ಸವರಿದರು. ಆಮೇಲೆ, ಬಾಟಲಿ ಮುಗಿಯುವವರೆಗೂ, ಸೂಜಿ ಚುಚ್ಚಿದ ಕೈಯನ್ನು ಒಂದಿಷ್ಟೂ ಅಲ್ಲಾಡಿಸದೆ ಅಂಗಾತ ಮಲಗಿದ್ದರು. ಸ್ವಲ್ಪ ಮಗ್ಗುಲಾಗಿ, ಬೆನ್ನು ನೋಯುತ್ತದೆ, ಈ ಔಷಧಿಗೆ ಅಲ್ಲಾಡಿದರೆ ಏನೂ ಆಗುವುದಿಲ್ಲ ಎಂದು ನರ್ಸು ಎರಡು ಸಲ ಹೇಳಿ ಹೋದಳು. ಅಪ್ಪಯ್ಯ ಅವಳಿಗೆ "ಸರಿಮ್ಮಾ" ಎಂದರು. ನನ್ನ ಕಡೆಗೆ ತಿರುಗಿ, ಈ ಸಲ ನಾನು ಕೆಡಿಸುವುದಿಲ್ಲ ಎಂಬಂತೆ, ಕಣ್ಣಲ್ಲಿಯೇ ಧೈರ್ಯ ಹೇಳಿದರು.

ಐದನೆಯ ಬಾಟಲಿಗೆ ಅವರಿರಲಿಲ್ಲ.